ಇದ್ದ ಹಾಗೇ ಕರೆತನ್ನಿ

ಎಲೆಗಳನ್ನು ನೆರಳಿನಲ್ಲೇ ಒಣಗಿಸಬೇಕಿತ್ತು. ಒಣಗಿದ ಮೇಲೆ ಕುಟ್ಟಿ ಪುಡಿಮಾಡಿ, ಅಸಿಟೋನಿನಲ್ಲಿ ನೆನೆಹಾಕಿ, ಸೋಸಿ, ಆ ಹಸಿರು ದ್ರವವನ್ನು ಕಂದು ಬಾಟಲಿಯಲ್ಲಿ ತುಂಬಿ ಬಿಗಿಯಾಗಿ ಬಿರಡೆ ಹಾಕಬೇಕು. ರೋಗಿಯ ಬೆನ್ನನ್ನು ಒರೆಸಿ, ದ್ರವದಲ್ಲಿ ಅದ್ದಿ ಆರಿಸಿದ ಸೋಸು ಕಾಗದದ ಸಣ್ಣ ಚೂರನ್ನು ಅಲ್ಲಿಟ್ಟು ಪ್ಲಾಸ್ಟರ್ ಅಂಟಿಸಬೇಕು. ಪಕ್ಕದಲ್ಲಿ ಬರೀ ಅಸಿಟೋನಿನ ಇನ್ನೊಂದು ಚೂರು, ಹೋಲಿಸಿ ನೋಡುವುದಕ್ಕೆ. ಎರಡು ದಿನ ಬಿಟ್ಟು ತೆಗೆದಾಗ ಗಿಡದ ರಸವಿದ್ದ ಕಡೆ ಮಾತ್ರ ಚರ್ಮ ಕೆಂಪಾಗಿ ಗುಳ್ಳೆ ಎದ್ದಿದ್ದರೆ, ಆ ಮನುಷ್ಯನಿಗೆ ಕಾಂಗ್ರೆಸ್ ಗಿಡದ ಅಲರ್ಜಿ ಇದೆ ಎಂದರ್ಥ.

ಕಾಂಗ್ರೆಸ್ ಗಿಡ ಎಂದು ನಮ್ಮ ಕಡೆ ಕರೆಯುವ ಆ ಬಿಳಿ ಹೂವಿನ ಪಾರ್ಥೇನಿಯಂ ಕಳೆ ಆಗ ಎಲ್ಲೆಲ್ಲೂ ಹಬ್ಬುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲರ್ಜಿ ವಿಭಾಗವೊಂದರಲ್ಲಿ ತರಬೇತಿ ಪಡೆಯುತ್ತಿದ್ದೆ. ಅಲರ್ಜಿ ಮತ್ತು ರೋಗನಿರೋಧಕ ಶಾಸ್ತ್ರ ಕಲಿಯುವ ನಮ್ಮಂಥ ವೈದ್ಯರಿಗಾಗಿ ಪ್ರತಿ ವರ್ಷ ಒಂದು ಶೈಕ್ಷಣಿಕ ಸಮ್ಮೇಳನ ನಡೆಯುತ್ತಿತ್ತು. ಆ ಸಲ ಅದನ್ನು ನಡೆಸುವ ಸರದಿ ನಮ್ಮ ವಿಭಾಗದ್ದು.

ಸಮ್ಮೇಳನದಲ್ಲಿ ಎಲ್ಲರೂ ಕಾದು ಕೂರುತ್ತಿದ್ದ ಒಂದು ಭಾಗವಿತ್ತು. ಒಬ್ಬ ರೋಗಿಯನ್ನು ವೇದಿಕೆಯ ಮೇಲೆ ಕೂರಿಸುತ್ತಾರೆ. ಕಾಯಿಲೆ ಏನೆಂದು ಹೇಳುವುದಿಲ್ಲ. ಕಲಿಯುವ ವೈದ್ಯರು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿ, ಪ್ರಶ್ನೆ ಕೇಳಿ, ತಮ್ಮ ಊಹೆ ಹೇಳುತ್ತಾರೆ. ಕೊನೆಯಲ್ಲಿ ಉತ್ತರ ಬಯಲಾಗುತ್ತದೆ. ಊಹೆಗಳು ಎಷ್ಟು ತಪ್ಪಿದರೆ ರೋಗಿಯನ್ನು ತಂದ ವಿಭಾಗಕ್ಕೆ ಅಷ್ಟು ಹೆಸರು. "ನಮ್ಮ ವಿಭಾಗದಿಂದ ಹಳ್ಳಿಯ ಕೇಸು ಬರಬೇಕು. ಪೇಟೆಯ ಉಬ್ಬಸ ನೋಡಿ ನೋಡಿ ಎಲ್ಲರಿಗೂ ಸಾಕಾಗಿದೆ," ಎಂದರು ನಮ್ಮ ಪ್ರಾಧ್ಯಾಪಕರು. ಹಳ್ಳಿ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೊನ್ನಾಳಿ ಕಡೆಯವಳು, ಅಲ್ಲಿಯ ಮಾತು ಬಲ್ಲವಳು ಎಂಬುದು ಅವರು ಕೊಟ್ಟ ಕಾರಣ.

ಮೊದಮೊದಲು ಏನೂ ಸರಿಹೋಗಲಿಲ್ಲ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕುರಿ ಕಾಯುವ ಒಬ್ಬರ ಬೆನ್ನಿಗೆ ಪ್ಲಾಸ್ಟರ್ ಅಂಟಿಸಿ ಬಂದೆ. ಎರಡು ದಿನ ಬಿಟ್ಟು ಹೋದರೆ ಬೆನ್ನು ಬೋಳು.

"ಎಲ್ಲಿ ಹೋಯ್ತು ಅಣ್ಣಾರೆ?"

"ಬಾಳ ತುರಿಸ್ತು ರೀ. ಬೇಲಿ ಗೂಟಕ್ಕೆ ಉಜ್ಜಿ ಕಿತ್ತಾಕಿದೆ. ತುರಿಕೆ ಹೋಗಾಕೆ ಅಂತ ನೀವು ಬಂದ್ರಿ, ನೀವೇ ತುರಿಕೆ ಅಂಟಿಸಿದ್ರೆ ಹೆಂಗೆ?"

ಹೊನ್ನಾಳಿಯಲ್ಲಿ ಒಬ್ಬಾಕೆ ಹಬ್ಬ ಬಂತೆಂದು ಎಣ್ಣೆ ಹಚ್ಚಿ ನೀರು ಹಾಕಿಕೊಂಡು ಪ್ಲಾಸ್ಟರ್ ಕಳಚಿಕೊಂಡಿದ್ದರು. ನ್ಯಾಮತಿಯ ಶಿಬಿರದಲ್ಲಿ ಬಿರಡೆ ಸಡಿಲವಾಗಿ ಅಸಿಟೋನ್ ಆರಿಹೋಗಿ ಬಾಟಲಿಯ ತಳದಲ್ಲಿ ಹಸಿರು ಗಷ್ಟು ಮಾತ್ರ ಉಳಿದಿತ್ತು. ಮತ್ತೆ ಎಲೆ ಕಿತ್ತು, ಒಣಗಿಸಿ, ಕುಟ್ಟಿ, ಮೊದಲಿನಿಂದ ಶುರು. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸೀನು ನಿಲ್ಲುತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಚನ್ನಗಿರಿ ಆಸ್ಪತ್ರೆಯ ವೈದ್ಯರು. ನಡುವಯಸ್ಸಿನ, ಮೆತ್ತಗಿನ ಮನುಷ್ಯ. ಸೂಳೆಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿ ಒಬ್ಬ ನೀರಗಂಟಿ ಇದ್ದಾನೆ, ಕುಷ್ಠ ಎನ್ನುತ್ತಾರೆ, ಆದರೆ ಬೆರಳುಗಳೆಲ್ಲ ಚೆನ್ನಾಗಿವೆ, ನನಗೇಕೋ ಅನುಮಾನ, ನೀವೊಮ್ಮೆ ನೋಡಿ ಎಂದರು.

ಕೆರೆಯ ಏರಿ ಕಾಯ್ದು, ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವರು ನೀರಗಂಟಿ. ಈತನ ಅಪ್ಪನೂ ಅಜ್ಜನೂ ಅದೇ ಕೆಲಸ ಮಾಡಿದವರು. ನಾನು ಹೋದಾಗ ಅವರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ನನ್ನನ್ನು ನಾಲೆಯ ಏರಿಯ ಮೇಲೆ ನಡೆಸಿಕೊಂಡು ಹೋದರು. ತೂಬಿನ ಹತ್ತಿರ ಒಂದು ಗುಡಿಸಲು. ಅದರ ಸುತ್ತ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ, ಮೈತುಂಬ ಬಿಳಿ ಹೂ. ಗುಡಿಸಲ ಬಾಗಿಲಲ್ಲಿ ನೀರಗಂಟಿ ಕೂತಿದ್ದರು.

ಮುಖದ ಚರ್ಮ ದಪ್ಪಗಾಗಿ ಹಣೆಯಲ್ಲಿ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಕಿವಿ ಊದಿಕೊಂಡಿತ್ತು. ಕಣ್ಣಿನ ರೆಪ್ಪೆಗಳು ಬಾತು, ನೋಡಬೇಕೆಂದರೆ ಗದ್ದ ಎತ್ತಬೇಕಿತ್ತು. ಪುಸ್ತಕದ ಕುಷ್ಠದ ಪಾಠದಲ್ಲಿ ಅಚ್ಚುಹಾಕುವ ಮುಖ ಅದೇ. ಬಾಗಿಲಿಂದ ನೋಡಿದವರು ಯಾರಾದರೂ ಹಾಗೇ ಹೇಳಬೇಕು.

ನಾನು ಮುಟ್ಟಿ ನೋಡಲು ಶುರುಮಾಡಿದೆ. ಹುಬ್ಬು ಉದುರಿರಲಿಲ್ಲ, ಕೆರೆದು ಕೆರೆದು ತುಂಡಾಗಿತ್ತು ಅಷ್ಟೆ. ಹತ್ತಿಯ ಎಳೆಯಿಂದ ಕೆನ್ನೆ, ಮುಂಗೈ, ಪಾದ ಎಲ್ಲ ಸವರಿದೆ. ಕಣ್ಣು ಮುಚ್ಚಿಕೊಂಡೇ ಎಲ್ಲಿ ಮುಟ್ಟಿದೆನೆಂದು ಸರಿಯಾಗಿ ಬೆರಳಿಟ್ಟು ತೋರಿಸಿದರು. ಬಿಸಿನೀರಿನ ನಳಿಕೆ ಯಾವುದು, ತಣ್ಣೀರಿನದು ಯಾವುದು ಎಂದು ಹೇಳಿದರು. ಮೊಣಕೈ ಹಿಂದಿನ ನರ ದಪ್ಪಗಾಗಿರಲಿಲ್ಲ. ಕುತ್ತಿಗೆ, ಕಿವಿಯ ಹಿಂಭಾಗ, ಮೊಣಕೈ ಮಡಚುವ ಜಾಗಗಳಲ್ಲಿ ಚರ್ಮ ಕೆಟ್ಟಿತ್ತು. ಅಂಗಿ ಮುಚ್ಚಿದ ಎದೆ, ಬೆನ್ನು ಮಾತ್ರ ಸ್ವಚ್ಛ. ಗಾಳಿಯಲ್ಲಿ ಬಂದದ್ದು ಎಲ್ಲಿ ಕೂರುತ್ತದೋ ಅಲ್ಲೆಲ್ಲ ಕಾಯಿಲೆ. ಕಿವಿಯ ಹಾಲೆಯನ್ನು ಬ್ಲೇಡಿನ ತುದಿಯಿಂದ ಸಣ್ಣಗೆ ಸೀಳಿ, ಕೆರೆದು ತೆಗೆದ ರಸವನ್ನು ಗಾಜಿನ ಪಟ್ಟಿಗೆ ಬಳಿದುಕೊಂಡೆ. ಕುಷ್ಠದ ಜೀವಾಣು ಇದ್ದರೆ ಅದರಲ್ಲಿ ಕಾಣಬೇಕು.

"ಮೊದ್ಲು ಕಣ್ಣಿನ ರೆಪ್ಪೆ ಬಾತ್ಕೊಂತಿತ್ತು ರೀ," ಎಂದು ಹೆಂಡತಿ ಹೇಳಿದರು. "ಆಮೇಲೆ ಕುತ್ಗೆ. ಕೆರೆದೂ ಕೆರೆದೂ ಈ ಗತಿಗೆ ಬಂತು. ದೊಡ್ಡ ರೋಗ ಅಂತ ಊರಾಗೆ ಯಾರೋ ಅಂದ್ರು. ಅಷ್ಟೇ ನೋಡ್ರಿ. ಮನ್ಯಾಗೆ ಇರಬ್ಯಾಡ, ತೂಬಿನ ಹತ್ರ ಇರು ಅಂದ್ರು. ಇಲ್ಲಿಗೆ ಬಂದ ಮ್ಯಾಗೆ ಇನ್ನೂ ಜಾಸ್ತಿ ಆತು. ಆವಾಗ ಅವ್ರು, ನೋಡ್ರಿ ನಾವು ಹೇಳಿದ್ದು ಖರೆ ಅಲ್ವಾ ಅಂದ್ರು."

"ಯಾವಾಗಾದರೂ ಕಡಿಮೆ ಆಗಿತ್ತಾ?"

"ಘಟ್ಟದ ಕೆಳಗೆ ದೇವ್ರಿಗೆ ಹೋಗಿದ್ವಿ. ಅಲ್ಲಿ ಒಂದು ವಾರ ಇದ್ವಿ. ಎಲ್ಲಾ ಇಳಿದು ಹೋಗಿತ್ತು ರೀ, ದೇವ್ರು ಕಣ್ಣು ಬಿಟ್ಟ ಅಂದ್ಕೊಂಡ್ವಿ. ತಿರುಗಿ ಬಂದ ಮ್ಯಾಗೆ ಮತ್ತೆ ಸುರುವಾತು. ನಾವು ಹರಕೆ ಒಳಗೆ ಏನೋ ತಪ್ಪು ಮಾಡಿರಬೇಕು."

ಘಟ್ಟದ ಕೆಳಗೆ ಆ ಗಿಡ ಆಗಿನ್ನೂ ಅಷ್ಟಾಗಿ ಹಬ್ಬಿರಲಿಲ್ಲ. ರೋಗವೆಂದು ಹೊರಗೆ ಹಾಕಿದವರು ಅವರನ್ನು ರೋಗದ ನಡುವೆಯೇ ತಂದು ಕೂರಿಸಿದ್ದರು.

ಇದಿಷ್ಟೇ ಆಗಿರಲಿಲ್ಲ. ಅವರ ಒಬ್ಬಳೇ ಮಗಳನ್ನು ಸವಳಂಗಕ್ಕೆ ಕೊಟ್ಟಿದ್ದರು. ಅಪ್ಪನಿಗೆ ದೊಡ್ಡ ರೋಗ, ಅಂದರೆ ಕುಷ್ಠ, ಎಂಬ ಸುದ್ದಿ ಅಲ್ಲಿಗೆ ಮುಟ್ಟಿ, ಬೀಗರು ಆಕೆಯನ್ನು ಬಸ್ಸು ಹತ್ತಿಸಿ ತವರಿಗೆ ಕಳಿಸಿದ್ದರು.

ಬೆನ್ನಿಗೆ ಪ್ಲಾಸ್ಟರ್ ಅಂಟಿಸಿದೆ. ಗಿಡದ ರಸ, ಬರೀ ಅಸಿಟೋನ್, ಜೊತೆಗೆ ಸೇವಂತಿಗೆಯ ರಸ. ಕಾಂಗ್ರೆಸ್ ಗಿಡ, ಸೇವಂತಿಗೆ ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದ ಗಿಡಗಳು, ಒಂದು ಆಗದವರಿಗೆ ಇನ್ನೊಂದೂ ಆಗದಿರುವುದುಂಟು. ವಿಭಾಗದ ಕ್ಯಾಮೆರಾ ತಂದಿದ್ದೆ. ಬೇರೆ ಡಾಕ್ಟರುಗಳು ಕಲಿಯುವುದಕ್ಕೆ ಎಂದು ಹೇಳಿ, ಅವರು ಒಪ್ಪಿದ ಮೇಲೆ, ಮುಖದ ಚಿತ್ರ ತೆಗೆದುಕೊಂಡೆ. ಎರಡು ದಿನದ ನಂತರ ಪ್ಲಾಸ್ಟರ್ ಬಿಚ್ಚಿದರೆ ಅಸಿಟೋನಿನ ಜಾಗ ಇದ್ದ ಹಾಗೇ ಇತ್ತು. ಸೇವಂತಿಗೆಯ ಜಾಗ ಕೆಂಪಾಗಿತ್ತು. ಕಾಂಗ್ರೆಸ್ ಗಿಡದ ಜಾಗದಲ್ಲಿ ನೀರುಗುಳ್ಳೆಗಳ ಗೊಂಚಲೇ ಎದ್ದಿತ್ತು. ಅದರ ಚಿತ್ರವನ್ನೂ ತೆಗೆದೆ. ಕಿವಿಯ ರಸದಲ್ಲಿ ಕುಷ್ಠದ ಜೀವಾಣು ಒಂದೂ ಇರಲಿಲ್ಲ.

ಚನ್ನಗಿರಿ ಅಂಚೆ ಕಚೇರಿಯಿಂದ ಪ್ರಾಧ್ಯಾಪಕರಿಗೆ ಟ್ರಂಕ್ ಕಾಲ್ ಮಾಡಿ, ಮಗಳ ವಿಷಯವೂ ಸೇರಿ ಎಲ್ಲ ಹೇಳಿದೆ.

"ಭೇಷ್!" ಎಂದರು. "ಇದೇ ನಮಗೆ ಬೇಕಾಗಿದ್ದದ್ದು. ನೋಡಿದವರೆಲ್ಲ ಕುಷ್ಠ ಅಂತಾರೆ. ಈಗ ಕೇಳಿಸಿಕೊಳ್ಳಿ. ಏನೂ ಕೊಡಬೇಡಿ. ಒಂದು ಗುಳಿಗೆ ಕೂಡ. ಮುಲಾಮೂ ಬೇಡ. ಇದ್ದ ಹಾಗೇ ಕರೆತನ್ನಿ."

"ಸರ್, ಸಮ್ಮೇಳನಕ್ಕೆ ಇನ್ನೂ ಒಂದು ತಿಂಗಳ ಮೇಲಿದೆ. ಅವರು ಮಲಗೋ ಗುಡಿಸಲಿನ ಸುತ್ತ ಅದೇ ಗಿಡ ಇದೆ."

"ಇಷ್ಟು ವರ್ಷ ತಡೆದವರಿಗೆ ಒಂದು ತಿಂಗಳು ಕಷ್ಟವೇ? ಯೋಚನೆ ಮಾಡಿ. ಅಲ್ಲಿ ಕೂತ ನೂರು ಜನ ವೈದ್ಯರು ಈ ಮುಖ ನೋಡಿ ಕಲಿತರೆ ನೂರು ಊರುಗಳಲ್ಲಿ ಇಂಥವರು ಬದುಕಿಕೊಳ್ಳುತ್ತಾರೆ. ಚಿತ್ರ ನೋಡಿ ಯಾರೂ ಕಲಿಯುವುದಿಲ್ಲ. ಮುಗಿದ ಮೇಲೆ ನಾನೇ ನಿಂತು ಚಿಕಿತ್ಸೆ ಕೊಡಿಸುತ್ತೇನೆ. ಬೇಕಾದರೆ ಆ ಬೀಗರ ಊರಿಗೂ ಬಂದು ಕುಷ್ಠ ಅಲ್ಲ ಅಂತ ಹೇಳುತ್ತೇನೆ. ಆಯಿತೇ?"

ಆ ಮಾತಿನಲ್ಲಿ ಸುಳ್ಳು ಹುಡುಕಲು ನನಗೆ ಆಗಲಿಲ್ಲ. ನೂರು ಊರುಗಳ ಲೆಕ್ಕ ಸರಿಯಾಗಿಯೇ ಇತ್ತು. ನೀರಗಂಟಿಗೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಇದು ದೊಡ್ಡ ರೋಗ ಅಲ್ಲ, ಗಿಡದ್ದು. ಗುಳಿಗೆ ಇವತ್ತೇ ಶುರುಮಾಡಬಹುದು. ಸಮ್ಮೇಳನಕ್ಕೆ ಹೀಗೇ ಬರಬೇಕೆಂದರೆ ಗುಳಿಗೆ ತಡವಾಗುತ್ತದೆ.

ಅವರು ಗದ್ದ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಕೇಳಿದರು: "ಆ ದೊಡ್ಡ ಡಾಕ್ಟ್ರು ಸವಳಂಗಕ್ಕೆ ಬರ್ತಾರೆ ಅಂದ್ರಲ್ಲ, ಅದು ಖರೆನಾ?"

"ಹಾಗಂತ ಹೇಳಿದ್ದಾರೆ."

"ಹಂಗಾದ್ರೆ ತಡೀತೀನಿ ರೀ. ನನ್ನ ಮಗಳು ಮನೆ ಸೇರಿದ್ರೆ ಸಾಕು."

ಮುಂದಿನ ವಾರ ನಾನು ಮತ್ತೆ ಹೋದಾಗ ಗುಡಿಸಲಿನ ಹೊರಗೆ ಯಾರೂ ಇರಲಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿದ್ದರು. ಕಣ್ಣುಗಳು ಪೂರ್ತಿ ಮುಚ್ಚಿಹೋಗಿದ್ದವು. ಕುತ್ತಿಗೆಯಿಂದ ನೀರು ಸೋರಿ, ಕೀವು ಕಟ್ಟಿ, ಜ್ವರ ಬಂದಿತ್ತು. ಕಾಣದೆ ತೂಬಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕಾಲು ತರಚಿತ್ತು. ಹೆಂಡತಿ ಒದ್ದೆ ಬಟ್ಟೆ ಹಿಂಡಿ ಮುಖಕ್ಕೆ ಹಾಕುತ್ತಿದ್ದರು. ಅವರ ಪಕ್ಕದಲ್ಲಿ ಮಗಳು ನಿಂತಿದ್ದಳು. ಅವತ್ತೇ ಆಕೆಯನ್ನು ಮೊದಲ ಸಲ ನೋಡಿದ್ದು.

"ಇವ್ರನ್ನ ಹಿಂಗೇ ಇಟ್ಕೊಂಡು ಹೋಗಿ ಯಾರಿಗೆ ತೋರಿಸ್ತೀರಿ ಅಕ್ಕಾರೆ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

ಅಲ್ಲೇ ತೀರ್ಮಾನ ಮಾಡಿದೆ. ಜೀಪಿಗೆ ಹೇಳಿಕಳಿಸಿ, ಅವರನ್ನು ಚನ್ನಗಿರಿ ಆಸ್ಪತ್ರೆಗೆ ಸಾಗಿಸಿದೆ.

ಅಲ್ಲಿಯೂ ಸುಲಭವಾಗಲಿಲ್ಲ. ಮುಖ ನೋಡಿದ ಕೂಡಲೇ ವಾರ್ಡಿನವರೆಲ್ಲ ಎದ್ದು ಕೂತರು. "ಆ ಮನುಷ್ಯನ್ನ ಇಲ್ಲಿ ಹಾಕಿದ್ರೆ ನಾವು ಮನೆಗೆ ಹೋಗ್ತೀವಿ," ಎಂದು ಒಬ್ಬರು ಹಾಸಿಗೆ ಸುತ್ತತೊಡಗಿದರು. ಆಸ್ಪತ್ರೆಯ ವೈದ್ಯರು ನನ್ನ ಮುಖ ನೋಡಿದರು, ವಾರ್ಡಿನವರ ಮುಖ ನೋಡಿದರು. ಕೊನೆಗೆ ಉಗ್ರಾಣದ ಪಕ್ಕದ ವರಾಂಡದಲ್ಲಿ ಒಂದು ಮಂಚ ಹಾಕಿಸಿಕೊಟ್ಟರು. ಅಷ್ಟು ಮಾಡುವುದಕ್ಕೂ ಅವರಿಗೆ ಧೈರ್ಯ ಬೇಕಾಗಿತ್ತು.

ಮೊದಲು ಕೀವಿಗೆ ಪೆನಿಸಿಲಿನ್. ನಸುನೇರಳೆ ಬಣ್ಣ ಬರುವಷ್ಟು ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಮುಖ, ಕುತ್ತಿಗೆಗೆ ಹಾಕುತ್ತಿದ್ದೆವು. ಎದೆಯ ಎಕ್ಸ್-ರೇ ತೆಗೆಸಿ ಕ್ಷಯ ಇಲ್ಲವೆಂದು ಖಚಿತ ಮಾಡಿಕೊಂಡೆ. ರಕ್ತದೊತ್ತಡ ನೋಡಿದೆ. ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಸೇರಿಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ ಬಣ್ಣ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಇರಲಿಲ್ಲ. ಜ್ವರ ಇಳಿದ ಮೇಲೆ ಪ್ರೆಡ್ನಿಸೋಲೋನ್ ಗುಳಿಗೆ ಶುರುಮಾಡಿದೆ. ಮೊದಲು ದೊಡ್ಡ ಪ್ರಮಾಣ, ಆಮೇಲೆ ಮೆಲ್ಲಗೆ ಇಳಿಸುತ್ತ ಬರುವುದು. ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಎಂದು ಹೆಂಡತಿಗೂ ಮಗಳಿಗೂ ಮತ್ತೆ ಮತ್ತೆ ಹೇಳಿದೆ.

ನಾಲ್ಕೈದು ದಿನದಲ್ಲಿ ಕಣ್ಣು ಬಿಟ್ಟರು. ವಾರ ಕಳೆಯುವುದರಲ್ಲಿ ಹಣೆಯ ಮಡಿಕೆಗಳು ಇಳಿಯತೊಡಗಿದವು. ಸಮ್ಮೇಳನ ಹತ್ತಿರ ಬರುವ ಹೊತ್ತಿಗೆ ಚರ್ಮ ಕಪ್ಪಾಗಿತ್ತೇ ಹೊರತು ಊತ ಇರಲಿಲ್ಲ. ಹೆಂಡತಿ ಒಂದು ದಿನ ಅವರ ಎದುರು ಕೂತು ನೋಡಿಯೇ ನೋಡಿದರು.

"ನಮ್ಮ ಯಜಮಾನ್ರ ಮೂಗು ಹಿಂಗಿತ್ತು ಅನ್ನೋದೇ ಮರ್ತುಹೋಗಿತ್ತು," ಎಂದರು.

ನಾನು ಪ್ರಾಧ್ಯಾಪಕರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಚಿಕಿತ್ಸೆಗೆ ಮುಂಚಿನ ಚಿತ್ರ ಇದೆ, ಈಗ ಮುಖ ಹೀಗಿದೆ, ಎರಡನ್ನೂ ತೋರಿಸಿದರೆ ಪಾಠ ಇನ್ನೂ ಗಟ್ಟಿಯಾಗುತ್ತದೆ ಎಂದು ವಾದಿಸಿದೆ. ಅವರು ಕೂಗಾಡುವ ಮನುಷ್ಯರಲ್ಲ. ಕನ್ನಡಕ ತೆಗೆದು ಒರೆಸಿದರು.

"ನೀವು ಒಬ್ಬರಿಗೆ ಗುಳಿಗೆ ಕೊಟ್ಟಿರಿ. ನೂರು ಜನಕ್ಕೆ ಸಿಗಬೇಕಾಗಿದ್ದ ಪಾಠ ಕೆಡಿಸಿದಿರಿ. ಚಿತ್ರದ ಸ್ಲೈಡುಗಳನ್ನು ಇಲ್ಲಿಟ್ಟು ಹೋಗಿ. ಆ ಭಾಗ ನಾನೇ ನಡೆಸುತ್ತೇನೆ. ರೋಗಿಯನ್ನು ಕರೆತರುವ ಅಗತ್ಯವಿಲ್ಲ."

"ಸರ್, ಸವಳಂಗಕ್ಕೆ ಬರುತ್ತೇನೆ ಅಂತ ಹೇಳಿದ್ದಿರಿ."

"ನೋಡೋಣ," ಎಂದು ಕನ್ನಡಕ ಹಾಕಿಕೊಂಡರು.

ಕರೆತರಬೇಡಿ ಎಂದದ್ದನ್ನು ಗಂಡ ಹೆಂಡತಿಗೆ ತಿಳಿಸಿದೆ. ಹೆಂಡತಿ ಕೇಳಲಿಲ್ಲ. "ನೀವು ಕೇಳಿದ್ರೆ ಅವ್ರಿಗೆ ಸಿಟ್ಟು ಬರ್ತೈತೆ. ನಾವೇ ಹೋಗಿ ಕೈ ಮುಗಿದು ಕೇಳ್ತೀವಿ. ಕಣ್ಣಾರೆ ನೋಡಿದ್ರೆ ಯಾರಿಗಾದ್ರೂ ಮನಸು ಕರಗ್ತೈತೆ." ಹೀಗಾಗಿ ಸಮ್ಮೇಳನದ ಬೆಳಿಗ್ಗೆ ಇಬ್ಬರೂ ನನ್ನ ಜೊತೆ ಬಸ್ಸಿನಲ್ಲಿ ಬಂದಿಳಿದರು. ನೀರಗಂಟಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಹಾಕಿದ್ದರು, ಗುಂಡಿಗಳನ್ನು ಕುತ್ತಿಗೆವರೆಗೂ ಹಾಕಿಕೊಂಡಿದ್ದರು.

ಸಭಾಂಗಣದ ವರಾಂಡದ ಎರಡು ಬದಿಗೂ ಅತಿಥಿಗಳ ಸ್ವಾಗತಕ್ಕೆಂದು ಕುಂಡಗಳನ್ನು ಜೋಡಿಸಿದ್ದರು. ಎಲ್ಲವೂ ಸೇವಂತಿಗೆ. ಹಳದಿ, ಬಿಳಿ, ಅರಳಿ ನಿಂತಿದ್ದವು. ಒಳಗೆ ವೇದಿಕೆಯ ಮೇಲೂ ಅದರದೇ ಹಾರಗಳು. ಅಲರ್ಜಿ ಕಲಿಯುವ ಜನರ ಸಮ್ಮೇಳನದಲ್ಲಿ ನನ್ನ ರೋಗಿಗೆ ಕೂರುವ ಜಾಗ ಇರಲಿಲ್ಲ. ಅವರಿಬ್ಬರನ್ನೂ ಕುಂಡಗಳಿಂದ ದೂರ, ಸ್ಕೂಟರುಗಳನ್ನು ನಿಲ್ಲಿಸುವ ಕಡೆ, ಒಂದು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ.

ಬೆಳಿಗ್ಗೆಯೆಲ್ಲ ಜೀವಕೋಶಗಳ ಬಗ್ಗೆ, ಪ್ರತಿಕಾಯಗಳ ಬಗ್ಗೆ ಉಪನ್ಯಾಸ ನಡೆಯಿತು. ಒಳ್ಳೆಯ ಉಪನ್ಯಾಸಗಳೇ. ನಾನು ಕೂತು ಬರೆದುಕೊಂಡೆ. ಮಧ್ಯಾಹ್ನ ದೀಪ ಆರಿಸಿದರು. ಪರದೆಯ ಮೇಲೆ ನೀರಗಂಟಿಯ ಮುಖ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಕಣ್ಣುಗಳ ಮೇಲೆ ಕಪ್ಪು ಪಟ್ಟಿ ಹಾಕಿದ್ದರು. ಪ್ರಾಧ್ಯಾಪಕರು ಉದ್ದನೆಯ ಕೋಲಿನಿಂದ ಹಣೆ, ಕಿವಿ, ಕುತ್ತಿಗೆ ಮುಟ್ಟಿ ತೋರಿಸುತ್ತ, "ಏನಿದು?" ಎಂದರು.

"ಕುಷ್ಠ," ಎಂದಿತು ಒಂದು ಧ್ವನಿ. ಇನ್ನೊಂದೂ ಅದೇ ಅಂದಿತು. ಆಮೇಲೆ ಎಷ್ಟೋ ಧ್ವನಿಗಳು. ಪ್ರಾಧ್ಯಾಪಕರು ನಕ್ಕು, ಪ್ಲಾಸ್ಟರ್ ಪರೀಕ್ಷೆಯ ಸ್ಲೈಡ್ ಹಾಕಿದರು. ಗುಳ್ಳೆಗಳನ್ನು ನೋಡಿ ಸಭೆಯಲ್ಲಿ ಅಚ್ಚರಿಯ ಗುಜುಗುಜು ಎದ್ದಿತು. ಜೋರಾಗಿ ಚಪ್ಪಾಳೆ ಬಿತ್ತು. ಪರೀಕ್ಷೆ ಮಾಡಿದವರು ಯಾರು ಎಂದು ಅವರು ಹೇಳಲಿಲ್ಲ. ನನಗೆ ಅದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತರಬೇತಿ ವೈದ್ಯ ಎದ್ದು ಕೇಳಿದ: "ಸರ್, ರೋಗಿ ಈಗ ಹೇಗಿದ್ದಾರೆ?"

"ಇಂಥವರು ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ," ಎಂದರು ಪ್ರಾಧ್ಯಾಪಕರು. "ನಮ್ಮ ಹಳ್ಳಿಗಾಡಿನಲ್ಲಿ ಅದೇ ದೊಡ್ಡ ಸಮಸ್ಯೆ."

ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯಲಿಲ್ಲ. "ಸರ್, ಅವರು ಬಂದಿದ್ದಾರೆ. ಹೊರಗೆ ಸ್ಕೂಟರ್ ನಿಲ್ಲಿಸೋ ಕಡೆ ಕೂತಿದ್ದಾರೆ. ವಾಸಿಯಾಗಿದ್ದಾರೆ."

ಕತ್ತಲೆಯಲ್ಲಿ ಎಲ್ಲರೂ ತಿರುಗಿದರು. ಯಾರ ಮುಖವೂ ಕಾಣುತ್ತಿರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕೈಗಡಿಯಾರವನ್ನು ಪ್ರೊಜೆಕ್ಟರಿನ ಬೆಳಕಿಗೆ ಹಿಡಿದು ನೋಡಿ, "ಸಮಯ ಮೀರುತ್ತಿದೆ, ಮುಂದಿನ ಪ್ರಬಂಧ," ಎಂದರು. ಸ್ಲೈಡ್ ಬದಲಾಯಿತು.

ಚಹಾದ ಬಿಡುವಿನಲ್ಲಿ ಏಳೆಂಟು ಮಂದಿ ಕಪ್ಪು ಹಿಡಿದುಕೊಂಡೇ ಹೊರಗೆ ಬಂದರು. ನೀರಗಂಟಿ ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು.

"ಇವರೇನಾ? ಏನೂ ಇಲ್ವಲ್ಲ!" ಎಂದ ಒಬ್ಬ. ಧ್ವನಿಯಲ್ಲಿ ಇದ್ದದ್ದು ನಿರಾಸೆ. ಒಬ್ಬಳು ತೋಳು ಮಡಚಿಸಿ ನೋಡಿದಳು. ಇನ್ನೊಬ್ಬ ಗದ್ದ ಎತ್ತಿಸಿ ಕುತ್ತಿಗೆ ನೋಡಿದ. ಹಿಂದಿನ ಸಾಲಿನಿಂದ ಪ್ರಶ್ನೆ ಕೇಳಿದ್ದವನು ಮಾತ್ರ ಅವರ ಪಕ್ಕ ಬೆಂಚಿನ ಮೇಲೆ ಕೂತು, ಯಾವ ಊರು, ಗುಳಿಗೆ ತಗೊಂಡ ಮೇಲೆ ಹೊಟ್ಟೆ ಉರಿ ಇದೆಯೇ ಎಂದೆಲ್ಲ ಕೇಳಿದ. ಗಂಟೆ ಹೊಡೆಯಿತು. ಅವನೂ ಎದ್ದು ಹೋದ.

ಸಂಜೆ ಪ್ರಾಧ್ಯಾಪಕರು ಕಾರಿನತ್ತ ನಡೆಯುವಾಗ ಗಂಡ ಹೆಂಡತಿ ಅಡ್ಡ ಹೋಗಿ ನಿಂತರು. ಹೆಂಡತಿ ಕೈ ಮುಗಿದರು.

"ಸ್ವಾಮೇರೆ, ನೀವು ದೇವ್ರಿದ್ದಂಗೆ. ಸವಳಂಗಕ್ಕೆ ಒಂದ್ಸಲ ಬಂದು ನಮ್ಮ ಬೀಗರಿಗೆ ಒಂದು ಮಾತು ಹೇಳ್ರಿ. ನಿಮ್ಮ ಮಾತಾದ್ರೆ ಕೇಳ್ತಾರೆ."

ಪ್ರಾಧ್ಯಾಪಕರು ನೀರಗಂಟಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಒಳ್ಳೆಯ ವೈದ್ಯರ ಬೆರಳುಗಳು, ಅದರಲ್ಲಿ ಅನುಮಾನವಿಲ್ಲ. "ಚೆನ್ನಾಗಿ ಇಳಿದಿದೆ," ಎಂದು ನನಗೆ ಹೇಳಿ, ಅವರ ಕಡೆ ತಿರುಗಿ, "ಬರೋಣ, ಬರೋಣ," ಎಂದು ಕಾರು ಹತ್ತಿದರು.

ಆ ಒಂದು ಮಾತನ್ನು ನಂಬಿ ಗಂಡ ಹೆಂಡತಿ ಎಷ್ಟೋ ವಾರ ಕಾದರು. ನಾನು ನೆನಪಿಸಿದಾಗಲೆಲ್ಲ ಪ್ರಾಧ್ಯಾಪಕರಿಗೆ ಬೇರೆ ಊರಿನ ಸಭೆ ಇರುತ್ತಿತ್ತು. ನನ್ನ ಪ್ರಬಂಧಕ್ಕೆ ಸಹಿ ಬೀಳುವುದೂ ತಡವಾಗತೊಡಗಿತು. ಕೊನೆಗೆ ನಾನೇ ಗಂಡ ಹೆಂಡತಿಯನ್ನು ಕರೆದುಕೊಂಡು ಸವಳಂಗಕ್ಕೆ ಹೋದೆ.

ಬೀಗರು ಮರ್ಯಾದಸ್ಥರು. ಚಾಪೆ ಹಾಸಿ ಕೂರಿಸಿದರು, ಚಹಾ ಕೊಟ್ಟರು. ನೀರಗಂಟಿಗೂ ನನಗೂ ಒಂದೇ ಥರದ ಸ್ಟೀಲಿನ ಲೋಟ. ನನಗೆ ಆಸೆ ಹುಟ್ಟಿತು. ಗಿಡ, ಪ್ಲಾಸ್ಟರ್, ಕಿವಿಯ ರಸ, ಎಲ್ಲವನ್ನೂ ಬಿಡಿಸಿ ಹೇಳಿದೆ. ಇದು ಮುಟ್ಟಿದರೆ ಅಂಟುವುದಲ್ಲ, ಮಗಳಿಗೆ ಬರುವುದೂ ಅಲ್ಲ ಎಂದೆ. ಬೀಗರು ತಲೆಯಾಡಿಸುತ್ತ ಕೇಳಿದರು. ಅಳಿಯ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ.

"ನೀವು ಓದಿದೋರು, ನೀವು ಹೇಳೋದು ಖರೆ ಇರಬೋದು ರೀ," ಎಂದರು ಬೀಗರು. "ಆದ್ರೆ ಒಂದು ಮಾತು. ಗಿಡ ನಮ್ಮೂರಾಗೂ ಐತೆ, ಎಲ್ಲಾ ಕಡೆ ಐತೆ. ನಮಗ್ಯಾರಿಗೂ ಬರ್ಲಿಲ್ಲ. ಇವ್ರಿಗೊಬ್ರಿಗೇ ಯಾಕೆ ಬಂತು?"

ಅಲರ್ಜಿ ಎಂದರೆ ಅದೇ, ಎಲ್ಲರಿಗೂ ಆಗದ್ದು ಒಬ್ಬರಿಗೆ ಆಗುವುದು ಎಂದು ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ಅವರ ಕಿವಿಯಲ್ಲಿ ಹೇಗೆ ಕೇಳುತ್ತಿದೆ ಎಂದು ನನಗೆ ಗೊತ್ತಾಯಿತು. ಒಬ್ಬರಿಗೇ ಬಂದದ್ದೆಂದರೆ ಬೀಗರ ಲೆಕ್ಕದಲ್ಲಿ ಅದು ಶಾಪವಿರಬೇಕು.

"ದೊಡ್ಡ ಡಾಕ್ಟ್ರು ಬರ್ತಾರೆ ಅಂತ ಸುದ್ದಿ ಇತ್ತು. ಅವ್ರು ಯಾಕೆ ಬರ್ಲಿಲ್ಲ?"

ಅವರಿಗೆ ಬಿಡುವಾಗಲಿಲ್ಲ ಎಂದೆ. ದೀಪಾವಳಿ ಕಳೀಲಿ, ಯೋಚನೆ ಮಾಡೋಣ ಎಂದರು ಬೀಗರು. ಹೊರಡುವಾಗ ಹಿತ್ತಲ ಕಡೆ ಕೈ ತೊಳೆಯಲು ಹೋದೆ. ಮೂರು ಲೋಟಗಳು ತೊಳೆಯುವ ಕಲ್ಲಿನ ಮೇಲಿದ್ದವು. ನೀರಗಂಟಿ ಕುಡಿದ ಲೋಟ ದೂರದಲ್ಲಿ ಬೇಲಿಯ ಬುಡದಲ್ಲಿ ಬಿದ್ದಿತ್ತು. ನಾನು ಯಾರಿಗೂ ಹೇಳಲಿಲ್ಲ. ದೀಪಾವಳಿಗೆ ಮುಂಚೆಯೇ ಅಳಿಯನಿಗೆ ಬೇರೆ ಹೆಣ್ಣು ತಂದರು.

ಇನ್ನೊಂದು ಮಾತು ಹೇಳಬೇಕಾದದ್ದು ಉಳಿದಿತ್ತು. ಗುಳಿಗೆ ಇಳಿಸುತ್ತ ಬಂದಂತೆ ಕುತ್ತಿಗೆಯಲ್ಲಿ ಮತ್ತೆ ಕೆಂಪು ಕಾಣತೊಡಗಿತು. ಆ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವಂತಿಲ್ಲ, ಮೂಳೆ ಸವೆಯುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ನಾಲೆಯ ಏರಿಯ ಮೇಲೆ ಇನ್ನು ಓಡಾಡಬಾರದು, ನೀರಗಂಟಿ ಕೆಲಸ ಬಿಡಬೇಕು ಎಂದು ನಾನೇ ಅವರಿಗೆ ಹೇಳಿದೆ. ಅಷ್ಟರಲ್ಲಿ ಆ ಕೆಲಸಕ್ಕೆ ಊರಿನವರು ಅವರ ದಾಯಾದಿಯನ್ನು ನಿಲ್ಲಿಸಿಯೂ ಆಗಿತ್ತು.

"ದೊಡ್ಡ ರೋಗ ಅಂದಾಗ ಕೆಲಸ ಹೋಯ್ತು," ಎಂದರು ಅವರು.  "ಅಲ್ಲ ಅಂದ ಮ್ಯಾಗೂ ಹೋಯ್ತು. ಆ ಗಿಡ ಇಲ್ಲದ ಊರು ಯಾವ್ದೈತೆ ಹೇಳ್ರಿ ಡಾಕ್ಟ್ರಮ್ಮಾರೆ, ಅಲ್ಲಿಗೆ ಹೋಗ್ತೀವಿ."

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಸುತ್ತಿ ಎಲೆ ಕಿತ್ತವಳು ನಾನು. ಘಟ್ಟದ ಮೇಲೆ ಅಂಥದೊಂದು ಊರಿನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಕೊನೆಗೆ ಘಟ್ಟದ ಕೆಳಗೆ, ಹಿಂದೆ ದೇವರಿಗೆ ಹೋಗಿದ್ದ ಕಡೆಗೇ ಹೋಗುವುದೆಂದಾಯಿತು. ಚನ್ನಗಿರಿಯ ವೈದ್ಯರಿಗೆ ಗೊತ್ತಿದ್ದ ಒಬ್ಬರ ಮೂಲಕ ಅಲ್ಲಿಯ ಹೆಂಚಿನ ಕಾರ್ಖಾನೆಯಲ್ಲಿ ಕಾವಲು ಕೆಲಸ ಸಿಕ್ಕಿತು. ಮೂವರೂ ಹೊರಟರು.

ಬಸ್ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಗುಳಿಗೆ ಹೇಗೆ ಇಳಿಸಬೇಕೆಂದು ಮಗಳಿಗೆ ಇನ್ನೊಮ್ಮೆ ಹೇಳಿ ಒಪ್ಪಿಸಿದೆ. ಆಕೆ ತಪ್ಪಿಲ್ಲದೆ ತಿರುಗಿ ಹೇಳಿದಳು. ಗಂಟುಗಳನ್ನು ಬಸ್ಸಿನ ಮೇಲೆ ಹಾಕಿದರು. ಹೆಂಡತಿ ಕಿಟಕಿಯಲ್ಲಿ ಬಗ್ಗಿ ನನ್ನನ್ನು ಹತ್ತಿರ ಕರೆದರು.

"ಅಲ್ಲಿ ಯಾರಾದ್ರೂ ಕೇಳ್ತಾರೆ. ಯಾಕೆ ಊರು ಬಿಟ್ಟು ಬಂದ್ರಿ ಅಂತ. ಏನಂತ ಹೇಳ್ಲಿ ರೀ?"

"ಇದ್ದದ್ದು ಹೇಳಿ ಅಮ್ಮ. ಗಿಡದ ಅಲರ್ಜಿ ಅಂತ."

"ಅದನ್ನ ನಮ್ಮೋರೇ ನಂಬಲಿಲ್ಲ, ಅವ್ರು ಹೆಂಗೆ ನಂಬ್ತಾರೆ? ಗಿಡಕ್ಕೆ ಹೆದರಿ ಯಾರಾದ್ರೂ ಊರು ಬಿಡ್ತಾರಾ? ಕೆರೆ ಒಡೀತು, ಹೊಲ ಮನೆ ಕೊಚ್ಕೊಂಡು ಹೋಯ್ತು ಅಂತೀನಿ. ಅದಾದ್ರೆ ಎಲ್ರೂ ನಂಬ್ತಾರೆ."

ಪಕ್ಕದಲ್ಲಿ ಕೂತಿದ್ದ ನೀರಗಂಟಿ ಥಟ್ಟನೆ ಇತ್ತ ತಿರುಗಿದರು. ಅಷ್ಟು ತಿಂಗಳಲ್ಲಿ ಅವರು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕೂಡ ತಿರುಗಿ ನೋಡಿದ.

"ಬಾಯಿ ಮುಚ್ಚು. ಆ ಕೆರೆ ಏರಿ ಒಡೆಯಾಕೆ ನಾವೇನು ಸತ್ತಿದ್ವಾ? ನಮ್ಮಜ್ಜನ ಕಾಲದಿಂದ ಒಂದು ಹನಿ ಸೋರಾಕೆ ಬಿಟ್ಟಿಲ್ಲ." ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. "ಬೇಕಾದ್ರೆ ನನಗೆ ದೊಡ್ಡ ರೋಗ ಅಂತ್ಲೇ ಹೇಳು. ಕೆರೆ ಒಡೀತು ಅನ್ನಬ್ಯಾಡ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಕಂಡಕ್ಟರ್ ಸೀಟಿ ಊದಿದ.